ಪ್ಯಾಂಟಿಗೆ ಅಂಟಿದ ಹೆಸರು

ತೊಂದರೆಗೆಲ್ಲ ಮೂಲ ಕೊನೆಯ ಪುಟದಲ್ಲಿದ್ದ ಒಂದು ಖಾಲಿ ಜಾಗ. ಮಗುವಿನ ಅಂಗೈಯಷ್ಟು ಅಗಲದ್ದು. ಅಲ್ಲೊಂದು ಕೂಸಿನ ಹೆಸರು ಬಂದು ಕೂರಬೇಕಿತ್ತು. ಆ ಹೆಸರು ಹೆತ್ತವರಿಬ್ಬರನ್ನು ಬಿಟ್ಟರೆ ಇಡೀ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಭಾನುವಾರ ಬೆಳಗಾಗುತ್ತಲೇ ಬೆರ್ಸಿಗೂ ಗೊತ್ತಾಯಿತು. ಆ ಕ್ಷಣದಿಂದ ಅವನ ನೆಮ್ಮದಿ ಕೆಟ್ಟಿತು.

ಬೆರ್ಸಿ ನಮ್ಮೂರಿನ ಮುದ್ರಕ. ಐಸ್‌ಲೆಂಡಿನ ನಕ್ಷೆಯ ಮೇಲೆ ನೊಣ ಕೂತು ಎದ್ದುಹೋದ ಗುರುತಿನಷ್ಟಿರುವ ಊರಿನಲ್ಲಿ ಮುದ್ರಿಸುವುದಕ್ಕೆ ಏನಿರುತ್ತದೆ? ಮೀನಿನ ಡಬ್ಬದ ಚೀಟಿ, ಚರ್ಚಿನ ಹಾಡಿನ ಹಾಳೆ, ಆಗೊಂದು ಈಗೊಂದು ಸಾವು. ಜನ ಗಟ್ಟಿಯಾಗಿದ್ದುದರಿಂದ ಅದರಲ್ಲೂ ಲಾಭವಿರಲಿಲ್ಲ. ಹಾಗಾಗಿ ಅವನು ಚಿಕ್ಕ ಮಕ್ಕಳಿಗೆ ಅವರವರದೇ ಕತೆಪುಸ್ತಕ ಮಾಡಿಕೊಡಲು ಶುರುಮಾಡಿದ. ಕತೆ ಹೆಚ್ಚುಕಡಿಮೆ ಒಂದೇ. ಮಗು ಮಾತ್ರ ಬೇರೆ. ನಿಮ್ಮ ಮಗಳ ಹೆಸರು, ಕೂದಲಿನ ಬಣ್ಣ, ಬೆಕ್ಕಿನ ಹೆಸರು, ಮನೆಯ ಬಾಗಿಲು ಕೆಂಪೋ ಹಸಿರೋ, ಇಷ್ಟು ಹೇಳಿದರೆ ಸಾಕು. ಮುಂದಿನ ವಾರ ಅವಳು ಕಪ್ಪು ಕಲ್ಲಿನ ಬಯಲು ದಾಟಿ ತಿಮಿಂಗಿಲದ ಜೊತೆ ಮಾತಾಡಿಕೊಂಡು ಬರುತ್ತಿದ್ದಳು. ನಾಲ್ಕು ವರ್ಷದ ಓದುಗರಿಗೆ ತಮಗಿಂತ ಸ್ವಾರಸ್ಯದ ವಿಷಯ ಲೋಕದಲ್ಲಿ ಬೇರಿಲ್ಲ ಎಂಬುದನ್ನು ಬೆರ್ಸಿ ಬೇಗ ಕಂಡುಕೊಂಡ. ನಲವತ್ತರ ಓದುಗರೂ ಹಾಗೆಯೇ, ಆದರೆ ಅವರು ಒಪ್ಪುವುದಿಲ್ಲ.

ಒಳಪುಟಗಳನ್ನೆಲ್ಲ ಯಂತ್ರ ಉಗುಳುತ್ತಿತ್ತು. ಹೆಸರು ಬರುವ ಕಡೆ ಮಾತ್ರ ಅವನು ಅಜ್ಜನ ಕಾಲದ ಸೀಸದ ಅಚ್ಚುಮೊಳೆ ಜೋಡಿಸಿ, ದಪ್ಪ ಎಣ್ಣೆಶಾಯಿ ಸವರಿ, ಕೈಯಿಂದ ಒತ್ತುತ್ತಿದ್ದ. ಓದಲು ಬಾರದ ಮಗು ತನ್ನ ಹೆಸರನ್ನು ಬೆರಳಿನಿಂದ ಮುಟ್ಟಿಯಾದರೂ ನೋಡಲಿ ಎಂಬುದು ಅವನ ಆಸೆ. ಆ ಶಾಯಿ ಒಣಗಲು ಅರ್ಧ ದಿನ ಬೇಕು. ಇದು ಅವನ ಹೆಮ್ಮೆಯ ವಿಷಯವಾಗಿತ್ತು, ಆ ಭಾನುವಾರದವರೆಗೆ.

ಶಿಶುವಿಹಾರದ ಮುಖ್ಯಸ್ಥೆ ಬ್ರಿನ್ಯಾಳಿಗೆ ಗಂಡುಮಗು ಹುಟ್ಟಿ ಕೆಲವು ವಾರಗಳಾಗಿದ್ದವು. ನಾಮಕರಣದ ತನಕ ಹೆಸರನ್ನು ಹೊರಗೆ ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಅಲ್ಲಿಯವರೆಗೆ ಅವನು ಬರೀ 'ಹುಡುಗ'. ಬ್ರಿನ್ಯಾಳ ದೊಡ್ಡ ಮಗಳು, ನಾಲ್ಕು ವರ್ಷದ ಲೋವಾ, ಹುಡುಗನನ್ನು ತಂದಲ್ಲಿಗೇ ವಾಪಸು ಕೊಟ್ಟು ಬರೋಣವೆಂದು ದಿನಾ ಹಟ ಹಿಡಿಯುತ್ತಿದ್ದಳು. ಅವಳನ್ನು ಒಲಿಸಲು ತಾಯಿ ಒಂದು ಉಪಾಯ ಮಾಡಿದಳು. ತಮ್ಮನ ಹೆಸರು ಕಳೆದುಹೋಗಿದೆ, ಅಕ್ಕ ಲೋವಾ ಬೆಟ್ಟ ಕಡಲು ಸುತ್ತಿ ಅದನ್ನು ಹುಡುಕಿ ತರುತ್ತಾಳೆ ಎಂಬ ಪುಸ್ತಕ. ಚರ್ಚಿನಲ್ಲಿ ಪಾದ್ರಿ ಕೇಳಿದಾಗ ಲೋವಾಳೇ ಕೊನೆಯ ಪುಟ ತೆರೆದು ಹೆಸರು ಹೇಳಬೇಕು. ಅವಳಿಗಿಂತ ಮೊದಲು ಯಾರೂ ಹೇಳುವಂತಿಲ್ಲವೆಂದು ಅಪ್ಪ ಅಮ್ಮ ಇಬ್ಬರೂ ಅವಳಿಗೆ ಮಾತು ಕೊಟ್ಟಿದ್ದರು.

ನಾಮಕರಣ ಭಾನುವಾರ ಮಧ್ಯಾಹ್ನ ಮೂರಕ್ಕೆ. ಅವತ್ತು ಬೆಳಗ್ಗೆ ಬ್ರಿನ್ಯಾ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಬೆರ್ಸಿಗೆ ಫೋನಿನಲ್ಲಿ ಹೆಸರು ಪಿಸುಗುಟ್ಟಿದಳು. ಆಮೇಲೆ ನಲ್ಲಿ ನಿಲ್ಲಿಸಿ, ಮುಖ್ಯಸ್ಥೆಯ ದನಿಯಲ್ಲಿ, ಇದು ಚೆನ್ನಾಗಿ ನಡೆದರೆ ಇನ್ನು ಮುಂದೆ ಶಿಶುವಿಹಾರ ಬಿಡುವ ಪ್ರತಿ ಮಗುವಿಗೂ ಅವನಿಂದಲೇ ಪುಸ್ತಕ ಎಂದಳು.

"ಆದ್ರೆ ಮೂರು ಗಂಟೆಗೆ ಮುಂಚೆ ಹೆಸರು ಹೊರಗೆ ಬಿತ್ತು ಅಂದ್ರೆ, ಬೆರ್ಸಿ, ನನಗೆ ನೀನು ಯಾರೋ, ನಿನಗೆ ನಾನು ಯಾರೋ."

ಆ ಪುಸ್ತಕಗಳು ಬಂದರೆ ಅಂಗಡಿ ಉಳಿಯುತ್ತಿತ್ತು. ಬರದಿದ್ದರೆ ಬಾಗಿಲು ಹಾಕಿ ಮೀನು ಕೊಯ್ಯುವ ಶೆಡ್ಡಿಗೆ ಹೋಗಬೇಕಿತ್ತು. ಬೆರ್ಸಿಗೆ ಮೀನಿನ ವಾಸನೆಗೆ ತಲೆ ಸುತ್ತುತ್ತದೆ. ಈ ಊರಿನಲ್ಲಿ ಅದನ್ನು ಹೇಳಿಕೊಂಡು ತಿರುಗುವ ಹಾಗಿಲ್ಲ.

ಯಾವತ್ತಿನಂತೆ ಈಜುಕೊಳದ ಬಿಸಿನೀರಿನ ತೊಟ್ಟಿಗೆ ಹೋಗದಿದ್ದರೆ ಜನ ಅನುಮಾನ ಪಡುತ್ತಾರೆಂದು ಅವನು ಹೋದ. ಅದೇ ತಪ್ಪಾಯಿತು. ನಮ್ಮಲ್ಲಿ ಸುದ್ದಿಯನ್ನು ಓದುವುದಿಲ್ಲ, ಕುತ್ತಿಗೆವರೆಗೆ ನೀರಿನಲ್ಲಿ ನೆನೆಹಾಕಿ ಬೇಯಿಸುತ್ತಾರೆ. ಅವನು ಇಳಿಯುವಷ್ಟರಲ್ಲಿ ತೊಟ್ಟಿಯ ಒಂದು ತುದಿಯಲ್ಲಿ ಸ್ಟುರ್ಲಾ, ಇನ್ನೊಂದು ತುದಿಯಲ್ಲಿ ಹ್ಯಾಲ್ಟಿ, ನಡುವೆ ಗೆರ್ದಾ ಕೂತಿದ್ದರು.

ಸ್ಟುರ್ಲಾ ಬ್ರಿನ್ಯಾಳ ಅಪ್ಪ. ಸ್ವಂತ ದೋಣಿಯ ಯಜಮಾನ, ಎದೆ ಅಲಮಾರಿನಷ್ಟು ಅಗಲ. ಹ್ಯಾಲ್ಟಿ ಅವಳ ಮಾವ. ಚರ್ಚಿನ ಗಾಯನ ತಂಡದ ಮುಖ್ಯಸ್ಥ, ಒಣಗಲು ಹಾಕಿದ ಮೀನಿನಂತೆ ತೆಳ್ಳಗೆ, ಅಷ್ಟೇ ಗಟ್ಟಿ. ಇಬ್ಬರಿಗೂ ಇದೇ ಮೊದಲ ಮೊಮ್ಮಗ. ಅಜ್ಜನ ಹೆಸರು ಮೊಮ್ಮಗನಿಗೆ ಬರುವುದು ನಮ್ಮಲ್ಲಿ ಸಾಮಾನ್ಯ. ಅಜ್ಜಂದಿರು ಇಬ್ಬರಿರುತ್ತಾರೆ ಎಂಬುದಷ್ಟೇ ಆ ಪದ್ಧತಿಯ ಕೊರತೆ. ಇನ್ನು ಗೆರ್ದಾ. ಅವಳು ಈಜುಕೊಳದ ಟಿಕೇಟಿನವಳು. ಬಟ್ಟೆ ಕಳಚಿಟ್ಟು ಬಂದವರು ಸುಳ್ಳನ್ನೂ ಅಲ್ಲೇ ಕಳಚಿಟ್ಟು ಬಂದಿರುತ್ತಾರೆ ಎಂದು ನಂಬಿದವಳು.

"ನಾನೇನೂ ಹೆಸರು ಕೇಳ್ತಿಲ್ಲಪ್ಪ," ಎಂದ ಸ್ಟುರ್ಲಾ. "ಎಷ್ಟುದ್ದ ಇದೆ ಅಂತ ಕೈಯಲ್ಲಿ ತೋರಿಸು ಸಾಕು."

"ಉದ್ದ ಕಟ್ಕೊಂಡು ಏನಾಗ್ಬೇಕು," ಎಂದ ಹ್ಯಾಲ್ಟಿ. "ಯಾವ ಸ್ವರದಲ್ಲಿ ಶುರುವಾಗತ್ತೆ ಅಷ್ಟು ಹೇಳಯ್ಯ. ಹಾಡಿಗೆ ಕೂರಿಸ್ಬೇಕು."

ಬೆರ್ಸಿ ಸೀಲ್ ಪ್ರಾಣಿಯಂತೆ ಮೂಗಿನ ತನಕ ನೀರಿಗಿಳಿದ. ಆಮೇಲೆ ಮೂಗೂ ಇಳಿಯಿತು.

"ಉಸಿರಿಗೆ ಮೇಲೆ ಬರ್ಲೇಬೇಕಲ್ಲ," ಎಂದಳು ಗೆರ್ದಾ. "ನಮಗೇನು ಅವಸರ."

ಮೇಲೆ ಬಂದಾಗ ಸ್ಟುರ್ಲಾನ ಕಡೆ ಮುಖವಿತ್ತು, ಕೆಮ್ಮು ಬಂತು. ಸ್ಟುರ್ಲಾ ಅದನ್ನು ಒಪ್ಪಿಗೆಯೆಂದು ತಿಳಿದು ಬೆನ್ನು ತಟ್ಟಿದ. ಆ ಏಟಿಗೆ ಬೆರ್ಸಿ ಹ್ಯಾಲ್ಟಿಯ ಕಡೆ ತಿರುಗಿ ಸೀನಿದ. ಹ್ಯಾಲ್ಟಿ ಕಣ್ಣು ಮುಚ್ಚಿ ನಿಧಾನವಾಗಿ ತಲೆದೂಗಿದ. ಬೆರ್ಸಿ ಒರೆಸಿಕೊಂಡು ಹೊರಬೀಳುವ ಹೊತ್ತಿಗೆ ಊರಿನ ಅರ್ಧ ಜನಕ್ಕೆ ಮಗುವಿನ ಹೆಸರು ಸ್ಟುರ್ಲಾ ಎಂದೂ, ಉಳಿದರ್ಧಕ್ಕೆ ಹ್ಯಾಲ್ಟಿ ಎಂದೂ ಖಚಿತವಾಗಿತ್ತು.

ಅಂಗಡಿಗೆ ಬಂದು ಬಾಗಿಲು ಹಾಕಿಕೊಂಡು ಮೊಳೆ ಜೋಡಿಸಿ, ಶಾಯಿ ಸವರಿ, ಕೊನೆಯ ಪುಟ ಒತ್ತಿದ. ಹೆಸರು ಕಪ್ಪಗೆ, ಕೊಬ್ಬಿ, ಎದ್ದು ಬಂತು. ಅಷ್ಟರಲ್ಲಿ ಹಿಂಬಾಗಿಲು ಕಿರ್ ಎಂದಿತು. ಗೆರ್ದಾ ಒಂದು ಬಾಟಲಿ ಜಾಮ್ ಹಿಡಿದುಕೊಂಡು ಒಳಗೆ ಬಂದಿದ್ದಳು. ಜಾಮ್ ಕೊಟ್ಟು ಹೋಗಲು ಯಾರೂ ಹಿಂಬಾಗಿಲಿನಿಂದ ಬರುವುದಿಲ್ಲ. ಮೇಜಿನ ಮೇಲೆ ಮುಚ್ಚಿಡಲು ಏನೂ ಇರಲಿಲ್ಲ. ಬೆರ್ಸಿ ಹಾಳೆಯನ್ನು ಕುರ್ಚಿಗೆ ಹಾಕಿ ಅದರ ಮೇಲೆ ಕೂತುಬಿಟ್ಟ.

ಗೆರ್ದಾಳೂ ಕೂತಳು. ಜಾಮ್ ಮಾಡುವ ಕ್ರಮವನ್ನು ವಿವರವಾಗಿ ಹೇಳಿದಳು. ತನ್ನ ಅಕ್ಕ ಅದನ್ನು ಎಲ್ಲಿ ಕೆಡಿಸುತ್ತಾಳೆ ಎಂಬುದನ್ನು ಇನ್ನೂ ವಿವರವಾಗಿ ಹೇಳಿದಳು. ಅವಳ ಕಣ್ಣು ಮಾತ್ರ ಗೋಡೆ, ಯಂತ್ರ, ಕಸದ ಬುಟ್ಟಿ ಎಲ್ಲವನ್ನೂ ಸುತ್ತಿ ಬಂದು ಕುರ್ಚಿಯ ಮೇಲೆ ನಿಂತಿತು.

"ಎದ್ದು ಒಂದು ಕಾಫಿ ಮಾಡಬಾರ್ದಾ ಬೆರ್ಸಿ? ಬಂದವರಿಗೆ."

ಬೆರ್ಸಿ ಸೊಂಟ ಹಿಡಿದಿದೆ ಎಂದ. ಹೋದ ವಾರ ಅವನು ಕುಣಿದದ್ದನ್ನು ಗೆರ್ದಾ ನೆನಪಿಸಿದಳು. ಅದರಿಂದಲೇ ಹಿಡಿದದ್ದು ಎಂದ. ಕೊನೆಗೆ ಅವಳು ಜಾಮನ್ನೂ ವಾಪಸು ತೆಗೆದುಕೊಂಡು ಎದ್ದು ಹೋದಳು.

ಬೆರ್ಸಿ ಎದ್ದ. ಹಾಳೆಯೂ ಜೊತೆಗೇ ಎದ್ದಿತು. ಕಿತ್ತು ನೋಡಿದರೆ ಹಾಳೆಯಲ್ಲಿ ಹೆಸರಿನ ನೆರಳು ಉಳಿದಿತ್ತು. ಹೆಸರು ಪ್ಯಾಂಟಿನ ಹಿಂಭಾಗಕ್ಕೆ ವಲಸೆ ಹೋಗಿತ್ತು, ತಿರುವುಮುರುವಾಗಿ, ಆದರೆ ಕನ್ನಡಿ ಹಿಡಿದ ಯಾರಾದರೂ ಓದಬಲ್ಲಷ್ಟು ಸ್ಪಷ್ಟವಾಗಿ. ನಾಮಕರಣಕ್ಕೆಂದೇ ಹೊಸದಾಗಿ ಕೊಂಡ ಕೆನೆಬಣ್ಣದ ಪ್ಯಾಂಟು. ಅಷ್ಟು ಚೆನ್ನಾಗಿ ಅವನ ಯಾವ ಹಾಳೆಯಲ್ಲೂ ಅಚ್ಚು ಮೂಡಿರಲಿಲ್ಲ.

ಅವನು ಇನ್ನೊಂದು ಪುಟ ಒತ್ತಿ, ಮೇಲೆ ತೆಳುಕಾಗದ ಇಟ್ಟು, ಪುಸ್ತಕ ಕಟ್ಟಿ ಮೇಣಕಾಗದದಲ್ಲಿ ಸುತ್ತಿದ. ಮನೆ ಬಂದರಿನ ಆಚೆ. ಅಲ್ಲಿಗೆ ಹೋಗಿ ಪ್ಯಾಂಟು ಬದಲಿಸಿದರೆ ಗೆದ್ದಂತೆ. ಪುಸ್ತಕವನ್ನು ಎದೆಗವಚಿಕೊಂಡು, ಬೆನ್ನನ್ನು ಗೋಡೆಗೆ ಒರೆಸಿಕೊಂಡು, ಏಡಿಯಂತೆ ಅಡ್ಡಡ್ಡ ಹೊರಟ. ಗೋಡೆ ಮುಗಿದ ಕಡೆ ಹಿಮ್ಮುಖವಾಗಿ ನಡೆದ. ಬೇಕರಿಯ ಕಿಟಕಿಯಲ್ಲಿ ಮೂರು ಮುಖಗಳು ಒಟ್ಟಿಗೆ ತಿರುಗಿದವು. ಯಾರೋ ಪಾಪ, ಸೊಂಟ ಹಿಡಿದಿದೆಯಂತೆ ಎಂದರು. ಗೆರ್ದಾ ಅವನಿಗಿಂತ ವೇಗವಾಗಿ ನಡೆಯುತ್ತಾಳೆ.

ಬಂದರಿನ ಕಟ್ಟೆಯ ಹತ್ತಿರ ಎದುರಿನಿಂದ ಸ್ಟುರ್ಲಾ ಬಂದ. ಹಿಂದೆ ತಿರುಗಿದರೆ ಹ್ಯಾಲ್ಟಿ. ಮನುಷ್ಯನಿಗೆ ಬೆನ್ನು ಒಂದೇ, ಅದನ್ನು ಇಬ್ಬರಿಂದ ಏಕಕಾಲಕ್ಕೆ ಮುಚ್ಚಿಡುವುದು ಸಾಧ್ಯವಿಲ್ಲ. ಬೆರ್ಸಿ ಕಟ್ಟೆಯ ಮೇಲೆ ಕೂತ. ಕಟ್ಟೆ ಹಿಮದಂತೆ ತಣ್ಣಗಿತ್ತು. ಸಮುದ್ರ ಚೆನ್ನಾಗಿ ಕಾಣುತ್ತೆ ಎಂದು ಯಾರೂ ಕೇಳದಿದ್ದರೂ ವಿವರಿಸಿದ. ಇಬ್ಬರೂ ಅವನ ಆಚೆ ಈಚೆ ಕೂತರು, ಚಹದ ಕಪ್ಪಿಗೆ ಎರಡು ಹಿಡಿಗಳಂತೆ. ಸಣ್ಣಗೆ ಮಳೆ ಶುರುವಾಯಿತು. ಮಳೆಗೆ ಏಳುವ ಜನ ನಮ್ಮಲ್ಲಿಲ್ಲ.

"ಆ ಮಗೂಗೆ ನಾನು ದೋಣಿ ಬಿಟ್ಟು ಹೋಗ್ತೀನಿ," ಎಂದ ಸ್ಟುರ್ಲಾ ಸಮುದ್ರಕ್ಕೆ. "ಕೆಲವರು ಏನು ಬಿಟ್ಟು ಹೋಗ್ತಾರೆ? ಶ್ರುತಿ."

"ದೋಣಿ ಮೇಲೆ ಇವನ ಹೆಸರಿದೆ," ಎಂದ ಹ್ಯಾಲ್ಟಿ ಅದೇ ಸಮುದ್ರಕ್ಕೆ. "ಗೋದಾಮಿನ ಮೇಲಿದೆ, ನಾಯಿಯ ಪಟ್ಟಿ ಮೇಲಿದೆ. ಇನ್ನು ಮಗು ಒಂದು ಬಾಕಿ ಉಳಿದಿತ್ತು ನೋಡು."

ಆಮೇಲೆ ಇಬ್ಬರೂ ತಾವು ಬೆರ್ಸಿಗೆ ಎಷ್ಟು ಬೇಕಾದವರು ಎಂಬುದನ್ನು ಸರದಿಯ ಮೇಲೆ ಹೇಳಿದರು. ಸ್ಟುರ್ಲಾ ಚಳಿಗಾಲ ಪೂರ್ತಿ ಮೀನು ಕಳಿಸುವುದಾಗಿ ಹೇಳಿದಾಗ ಬೆರ್ಸಿಯ ಮುಖ ಹಸಿರಾಯಿತು. ಹ್ಯಾಲ್ಟಿ ಅವನನ್ನು ಗಾಯನ ತಂಡಕ್ಕೆ ಸೇರಿಸಿಕೊಳ್ಳುವುದಾಗಿ ಹೇಳಿದಾಗ ಇನ್ನಷ್ಟು ಹಸಿರಾಯಿತು. ಹೊತ್ತು ಮೀರುತ್ತಿತ್ತು. ಮುಖ ಅವರ ಕಡೆಗೇ ಇಟ್ಟುಕೊಂಡು, ಕಾಲನ್ನು ಕಟ್ಟೆಯ ಆಚೆಗೆ ದಾಟಿಸಿ ಜಾರಿಕೊಳ್ಳೋಣವೆಂದು ಬೆರ್ಸಿ ಹಿಂದಕ್ಕೆ ವಾಲಿದ. ಎದುರಿಗೆ ಸಮುದ್ರವಿದ್ದಂತೆ ಬೆನ್ನ ಹಿಂದೆ ಬಂದರಿನ ನೀರಿತ್ತು.

ನೀರು ಸೊಂಟದಷ್ಟೇ ಇದ್ದುದರಿಂದ ಅವನಿಗೆ ಸಾಯುವ ಅನುಕೂಲವೂ ಸಿಗಲಿಲ್ಲ. ಸ್ಟುರ್ಲಾ ಕೊಕ್ಕೆ ಕೋಲಿನಿಂದ ಕಾಲರಿಗೆ ಸಿಕ್ಕಿಸಿ ಎತ್ತಿ, ನೇರ ತನ್ನ ದೋಣಿಯ ಕೋಣೆಗೆ ತಳ್ಳಿದ. ಕೂರುವಾಗ ಪಕ್ಕಕ್ಕಿಟ್ಟಿದ್ದ ಪುಸ್ತಕ ಮೇಣಕಾಗದದೊಳಗೆ ಕಟ್ಟೆಯ ಮೇಲೆ ಒಣಗಿಯೇ ಉಳಿದಿತ್ತು. ಇಬ್ಬರಿಗೂ ಅದನ್ನು ತೆರೆದು ನೋಡುವ ಆಸೆ ಇತ್ತು. ಇನ್ನೊಬ್ಬ ನೋಡಿಬಿಟ್ಟಾನೆಂಬ ಭಯ ಆಸೆಗಿಂತ ದೊಡ್ಡದಿತ್ತು. ಹೀಗೆ ಅಜ್ಜಂದಿರಿಬ್ಬರೂ ಪುಸ್ತಕದ ಆಚೆ ಈಚೆ ಕೈಕಟ್ಟಿ ನಿಂತು ಅದನ್ನು ಪರಸ್ಪರರಿಂದ ಕಾಪಾಡಿದರು. ಒಳಗೆ ಬೆರ್ಸಿ ಪ್ಯಾಂಟು ಕಳಚಿ, ಅದರಲ್ಲಿ ಬಲೆಗೆ ಕಟ್ಟುವ ಸೀಸದ ಗುಂಡು ಸುತ್ತಿ, ಕಿಟಕಿಯಿಂದ ಸಮುದ್ರಕ್ಕೆ ಬಿಟ್ಟ. ಮೀನುಗಳು ಓದಿಕೊಳ್ಳಲಿ.

ತೊಡಲು ಅಲ್ಲಿ ಸಿಕ್ಕಿದ್ದು ಸ್ಟುರ್ಲಾನ ಕಿತ್ತಳೆ ಬಣ್ಣದ ಮೀನುಗಾರಿಕೆಯ ರಬ್ಬರು ಪ್ಯಾಂಟು. ಬೆರ್ಸಿ ಅದರೊಳಗೆ ಗಂಟೆಯ ನಾಲಗೆಯಂತೆ ಅಲ್ಲಾಡಿದ. ಅದನ್ನು ಕಂಡು ಹ್ಯಾಲ್ಟಿಯ ಮುಖ ಬಿತ್ತು. ಸ್ಟುರ್ಲಾನ ಪ್ಯಾಂಟು ತೊಟ್ಟವನ ಬಾಯಲ್ಲಿ ಇನ್ಯಾವ ಹೆಸರು ಬಂದೀತು? ಅವನು ತಕ್ಷಣ ತನ್ನ ಗಾಯನ ತಂಡದ ಕಡುನೀಲಿ ಕೋಟು ಬಿಚ್ಚಿ ಬೆರ್ಸಿಯ ಹೆಗಲಿಗೆ ಏರಿಸಿದ. ಹೀಗೆ ಸೊಂಟದ ಕೆಳಗೆ ಒಬ್ಬ ಅಜ್ಜನಿಗೂ ಮೇಲೆ ಇನ್ನೊಬ್ಬ ಅಜ್ಜನಿಗೂ ಸೇರಿದವನಾಗಿ ಬೆರ್ಸಿ ಬ್ರಿನ್ಯಾಳ ಮನೆ ತಲುಪಿದ.

ಬ್ರಿನ್ಯಾ ಅವನನ್ನು ಮೇಲಿಂದ ಕೆಳಗೆ ನೋಡಿದಳು, ಕೇಳುವಷ್ಟು ಹೊತ್ತಿರಲಿಲ್ಲ. ಅವನು ಲೋವಾಳನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಪುಸ್ತಕ ಓದಿದ. ಲೋವಾ ಮೊದಲ ಪುಟದಲ್ಲಿ ತನ್ನ ಕೆಂಪು ಬಾಗಿಲು ನೋಡಿ ಉಸಿರು ಹಿಡಿದವಳು, ತಿಮಿಂಗಿಲ ಬರುವವರೆಗೂ ಬಿಡಲಿಲ್ಲ. ಕೊನೆಯ ಪುಟದಲ್ಲಿ ತೆಳುಕಾಗದದ ಮೇಲಿನಿಂದಲೇ ಹೆಸರಿನ ಮೇಲೆ ಬೆರಳಾಡಿಸಿದಳು. ಬೆರ್ಸಿ ಅವಳ ಕಿವಿಯಲ್ಲಿ ಹೆಸರು ಹೇಳಿ, ಪಾದ್ರಿ ಕೇಳುವ ತನಕ ಯಾರಿಗೂ ಹೇಳಬಾರದೆಂದ. ಅವಳು ಬಾಯಿಗೆ ಬೀಗ ಹಾಕಿ ಬೀಗದ ಕೈಯನ್ನು ಅವನ ಕೋಟಿನ ಜೇಬಿಗೆ ಹಾಕಿದಳು.

ಚರ್ಚು ತುಂಬಿತ್ತು. ಬೆರ್ಸಿ ಕೊನೆಯ ಸಾಲಿನಲ್ಲಿ ಕೂತಿದ್ದ. ಅಲ್ಲಾಡಿದರೆ ರಬ್ಬರು ಪ್ಯಾಂಟು ಬಾತುಕೋಳಿಯಂತೆ ಕೂಗುತ್ತಿತ್ತು. ಪಾದ್ರಿ ರಗ್ನಾ ನೀರಿನ ಬಟ್ಟಲಿನ ಮೇಲೆ ಬಾಗಿ, ಈ ಮಗುವಿನ ಹೆಸರೇನೆಂದು ಲೋವಾಳನ್ನು ಕೇಳಿದಳು. ಇಡೀ ಊರು ಕತ್ತು ಮುಂದೆ ಚಾಚಿತು. ಸ್ಟುರ್ಲಾ ಎದೆ ಸೆಟೆಸಿದ. ಹ್ಯಾಲ್ಟಿ ಶ್ರುತಿ ಹಿಡಿದ.

ಲೋವಾ ಕೊನೆಯ ಪುಟ ತೆರೆದಳು. ತೆಳುಕಾಗದದಡಿಯ ಅಕ್ಷರಗಳನ್ನು ಒಂದೊಂದಾಗಿ ಮುಟ್ಟಿದಳು. ಪುಸ್ತಕ ಮುಚ್ಚಿದಳು.

"ಗುಟ್ಟು," ಎಂದಳು.

ಜನ ನಕ್ಕರು. ಈಗ ಹೇಳಬಹುದು ಎಂದು ತಾಯಿ ಹೇಳಿದಳು. ಬೆರ್ಸಿ ಬೇಡ ಅಂದಿದ್ದಾನೆ ಎಂದಳು ಲೋವಾ. ಅಪ್ಪ ಬಾಯಿ ತೆರೆಯಹೋದ. ಅವಳ ಕೆಳತುಟಿ ಮುಂದೆ ಬಂದದ್ದು ಕಂಡು, ಕೊಟ್ಟ ಮಾತು ನೆನಪಾಗಿ ಮುಚ್ಚಿಕೊಂಡ. ನಗು ನಿಂತಿತು. ತಲೆಗಳೆಲ್ಲ ಹಿಂದಕ್ಕೆ ತಿರುಗಿದವು. ಬೆರ್ಸಿ ಎದ್ದು, ಪ್ರತಿ ಹೆಜ್ಜೆಗೂ ಬಾತುಕೋಳಿ ಕೂಗಿಸುತ್ತ ಮುಂದೆ ಬಂದ. ಹೇಳು ಪುಟ್ಟಾ, ಪರವಾಗಿಲ್ಲ ಎಂದ.

"ನಿಂಗೆ ಮಾತ್ರ ಹೇಳ್ತೀನಿ. ಬಗ್ಗು."

ಬಗ್ಗಿದ. ಲೋವಾ ಎರಡೂ ಕೈಗಳನ್ನು ಅವನ ಕಿವಿಗೆ ಅಡ್ಡ ಹಿಡಿದು, ಬಿಸಿ ಉಸಿರಿನಲ್ಲಿ ಹೇಳಿದಳು:

"ನಂಗೆ ಮರ್ತೋಗಿದೆ. ಯಾರಿಗೂ ಹೇಳ್ಬೇಡ. ಅಮ್ಮಂಗೂ ಹೇಳ್ಬೇಡ. ಅಕ್ಕ ಆದವಳಿಗೆ ಮರೆಯಲ್ಲ ಅಂತ ಅಮ್ಮ ಎಲ್ರಿಗೂ ಹೇಳಿಬಿಟ್ಟಿದಾಳೆ."

ಬೆರ್ಸಿ ನೆಟ್ಟಗಾದ. ಲೋವಾ ಹೇಳಿದಳು ಎಂದು ಘೋಷಿಸಿ, ಗಟ್ಟಿಯಾಗಿ ನುಡಿದ: "ತುಮಿ."

"ಹೌದು, ತುಮಿ," ಎಂದಳು ಲೋವಾ, ಅದು ತಾನೇ ಆ ಗಳಿಗೆಯಲ್ಲಿ ಹುಟ್ಟಿಸಿದ ಹೆಸರೆಂಬಂತೆ. ರಗ್ನಾ ನೀರು ಹಾಕಿದಳು. ಹುಡುಗ ತುಮಿಯಾಗಿ ಕಿರುಚಿದ. ಅಪ್ಪ ಅಮ್ಮ ಒಬ್ಬರನ್ನೊಬ್ಬರು ನೋಡಿ ನಕ್ಕರು. ಗಡಿಯಾರದಲ್ಲಿ ಮೂರು ದಾಟಿತ್ತು. ಹೆಸರು ಹೊರಗೆ ಬಿದ್ದದ್ದು ಬೀಳಬೇಕಾದ ಹೊತ್ತಿಗೆ, ಬೀಳಬೇಕಾದ ಜಾಗದಲ್ಲಿ. ಬೆರ್ಸಿಗೆ ಆ ರಬ್ಬರು ಪ್ಯಾಂಟಿನಲ್ಲೇ ಹಾರಬೇಕೆನಿಸಿತು.

ಚರ್ಚಿನ ಪಕ್ಕದ ಸಭಾಂಗಣದಲ್ಲಿ ಕಾಫಿ, ಕೇಕು, ಕ್ರೀಮು ತುಂಬಿದ ತೆಳು ಸಿಹಿದೋಸೆ ಎಲ್ಲ ಇದ್ದವು. ಲೋವಾ ಮೇಜಿನ ತುದಿಯಲ್ಲಿ ನಿಂತು, ಬಂದವರಿಗೆಲ್ಲ ಹೆಸರು ತಂದದ್ದು ತಾನೇ ಎಂದು ಹೇಳುತ್ತಿದ್ದಳು. ತಮ್ಮನನ್ನು ವಾಪಸು ಕೊಡುವ ಮಾತನ್ನು ಅವಳು ಕೈಬಿಟ್ಟಿದ್ದಳು. ಇನ್ನೊಂದು ಮೂಲೆಯಲ್ಲಿ ಊರು ಯಾವತ್ತೂ ಕಾಣದ ದೃಶ್ಯ: ಸ್ಟುರ್ಲಾ ಮತ್ತು ಹ್ಯಾಲ್ಟಿ ಒಂದೇ ತಟ್ಟೆಯಿಂದ ಕೇಕು ತಿನ್ನುತ್ತಿದ್ದರು. ತುಮಿ ಎನ್ನಲು ಕಾಲು ಉಸಿರು ಸಾಕು, ಆ ಮಗು ಮೂರು ಉಸಿರು ತೆಗೆದುಕೊಂಡಿತು, ನಾನು ಹಾಡು ಕಲಿಸುವವನು, ನನಗೆ ಗೊತ್ತಾಗದೆ ಎಂದು ಹ್ಯಾಲ್ಟಿ ಹೇಳಿದ. ಮಗು ಬೇರೇನೋ ಹೇಳಿತು, ಈ ಬೆರ್ಸಿ ಬೇರೇನೋ ಕೂಗಿದ ಎಂದು ಸ್ಟುರ್ಲಾ ಒಪ್ಪಿದ. ಬೇರೇನೋ ಎಂದರೆ ಯಾವುದು ಎಂಬಲ್ಲಿ ಮಾತ್ರ ಇಬ್ಬರಿಗೂ ಅವರವರದೇ ಅಭಿಪ್ರಾಯವಿತ್ತು. ಗೆರ್ದಾ ಕಪ್ಪು ಹಿಡಿದು ಎರಡೂ ಅಭಿಪ್ರಾಯಗಳನ್ನು ಮೇಜಿನಿಂದ ಮೇಜಿಗೆ ಬಡಿಸುತ್ತಿದ್ದಳು.

ಬ್ರಿನ್ಯಾ ಬೆರ್ಸಿಯ ಹತ್ತಿರ ಬಂದಳು. ಪುಸ್ತಕ ತುಂಬ ಚೆನ್ನಾಗಿದೆಯೆಂದಳು, ಅವನು ಇಡೀ ದಿನ ಬಾಯಿ ಬಿಡಲಿಲ್ಲವೆಂಬುದು ಗೊತ್ತಾಯಿತೆಂದಳು. ಆಮೇಲೆ ದನಿ ತಗ್ಗಿಸಿದಳು.

"ಲೋವಾ ನಿನ್ನ ಕಿವಿಯಲ್ಲಿ ಏನಂದಳು?"

"ಹೆಸರು."

"ಹೆಸರಷ್ಟೇ ಅಲ್ಲ. ಕೇಳಿದ್ರೆ ಬೆರ್ಸಿ ಜೊತೆ ಗುಟ್ಟು ಅಂತಾಳೆ. ಹೆತ್ತ ತಾಯಿಗೆ."

ಬೆರ್ಸಿ ಮೇಜಿನ ತುದಿಯ ಕಡೆ ನೋಡಿದ. ಲೋವಾ ಮೂಗಿನ ತುಂಬ ಕ್ರೀಮು ಮಾಡಿಕೊಂಡು, ಗದ್ದ ಎತ್ತಿ ನಿಂತಿದ್ದಳು. ಅವನು, ಅದು ಅವಳಿಗೂ ನನಗೂ ಬಿಟ್ಟ ವಿಷಯ ಎಂದ.

ಬ್ರಿನ್ಯಾಳ ಮುಖದಿಂದ ತಾಯಿ ಇಳಿದುಹೋಗಿ ಮುಖ್ಯಸ್ಥೆ ಬಂದು ಕೂತಳು.

"ನೋಡು ಬೆರ್ಸಿ, ಮಕ್ಕಳ ಜೊತೆ ದೊಡ್ಡವರು ಗುಟ್ಟು ಇಟ್ಕೋಬಾರದು ಅನ್ನೋದು ನಮ್ಮ ಶಿಶುವಿಹಾರದಲ್ಲಿ ಮೊದಲ್ನೇ ಪಾಠ. ಇಷ್ಟು ಚೆನ್ನಾಗಿ ಗುಟ್ಟು ಕಾಯೋನನ್ನ ನಾನು ಮಕ್ಕಳ ಹತ್ರ ಹೇಗೆ ಬಿಟ್ಕೊಳ್ಳಲಿ?"

ಬೆಳಗ್ಗೆ ಬೇಕಾಗಿದ್ದ ಗುಣ ಮಧ್ಯಾಹ್ನಕ್ಕೆ ದೋಷವಾದದ್ದು ಹೇಗೆಂದು ಬೆರ್ಸಿ ಕೇಳಿದ. ಬೆಳಗ್ಗೆ ಗುಟ್ಟು ತನ್ನದಾಗಿತ್ತು ಎಂದಳು ಬ್ರಿನ್ಯಾ. ಅವನು ಅಂಗಡಿಯ ವಿಷಯ ಹೇಳಿದ, ಮೀನಿನ ಶೆಡ್ಡಿನ ವಿಷಯ ಹೇಳಿದ, ಎಂದೂ ಯಾರಿಗೂ ಹೇಳದ ತಲೆಸುತ್ತಿನ ವಿಷಯವನ್ನೂ ಹೇಳಿದ. ಅವಳು ಸ್ವಲ್ಪ ಕರಗಿದಳು. ಹೋಗಲಿ, ಇನ್ನು ಮುಂದೆ ಯಾವ ಮಗುವಿನ ಜೊತೆಗೂ ಪಿಸುಮಾತಿಲ್ಲ ಅಂತ ಇಲ್ಲೇ, ಎಲ್ಲರೆದುರು ಮಾತು ಕೊಡು, ನಾಳೆಯೇ ಪುಸ್ತಕಕ್ಕೆ ಹೇಳಿಬಿಡುತ್ತೇನೆ ಎಂದಳು. ಅಜ್ಜಂದಿರಿಬ್ಬರೂ ಸಾಕ್ಷಿಗೆಂದು ಹತ್ತಿರ ಬಂದರು. ಗೆರ್ದಾ ಕಪ್ಪು ಕೆಳಗಿಟ್ಟಳು. ಬೆರ್ಸಿಯ ಎದೆ ಗಾಳಿಪಟದಂತೆ ಏರಿತು. ಮಾತು ಕೊಡಲು ಬಲಗೈ ಎತ್ತಿದ.

ರಬ್ಬರು ಪ್ಯಾಂಟನ್ನು ಯಾರೋ ಎಳೆದರು. ಲೋವಾ. ಅವಳ ಕಣ್ಣಿನ ಅಂಚಿನಲ್ಲಿ ನೀರು ನಿಂತಿತ್ತು. ಅವಳ ಹಿಂದೆ ಬೇಕರಿಯ ಮುದುಕಿ, ನಿನ್ನ ತಮ್ಮನ ಹೆಸರೇನು ಮರಿ ಎಂದು ಕೇಳಿ ಉತ್ತರಕ್ಕಾಗಿ ಕಾಯುತ್ತಿದ್ದಳು. ಲೋವಾ ಅವನ ಕೋಟಿನ ತುದಿ ಜಗ್ಗಿ ಕೆಳಗೆ ಎಳೆದುಕೊಂಡು, ಕಿವಿಗೆ ಬಾಯಿಟ್ಟಳು.

"ಮತ್ತೆ ಮರ್ತೋಯ್ತು."

ಸಭಾಂಗಣದಲ್ಲಿ ಕಾಫಿ ಹೀರುವ ಸದ್ದು ನಿಂತಿತು. ಬೆರ್ಸಿ ಬ್ರಿನ್ಯಾಳ ಮುಖ ನೋಡಿದ, ಲೋವಾಳ ಮುಖ ನೋಡಿದ. ಎತ್ತಿದ ಬಲಗೈಯನ್ನು ಇಳಿಸಿ ಅವಳ ಕಿವಿಗೆ ಅಡ್ಡ ಹಿಡಿದು, ಬಗ್ಗಿದ.